ಸೊನ್ನೆ, ಯೋಶಿ!

ಹಿಸಾನೊಗೆ ಸಿಟ್ಟು ಬಂದರೆ ಗಂಡಸರ ಕಡೆಯ ನಲ್ಲಿಯೂ ಸದ್ದು ನಿಲ್ಲಿಸುತ್ತದೆ ಎಂದು ನಮ್ಮ ಬೀದಿಯಲ್ಲಿ ಹೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ. ಬೀದಿಯವರೆಲ್ಲ ಕಾಸು ಕೊಟ್ಟು ಮೀಯುವ ಅವಳ ಸ್ನಾನದ ಮನೆಯಲ್ಲಿ ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಸೂರಿನ ತನಕ ಹೋಗಿಲ್ಲ. ಬಾಗಿಲ ಬಳಿಯ ಎತ್ತರದ ಪೀಠದಲ್ಲಿ ಕೂತು ಅವಳು "ಟವೆಲ್ಲು ನೀರಿಗೆ ಅದ್ದಬೇಡ್ರೀ, ಅದೇನು ಸಾರು ಮಾಡೋ ಸೊಪ್ಪಾ?" ಎಂದು ಈ ಕಡೆ ಕೂಗಿದರೆ, ಆ ಕಡೆ ಮೀನಂಗಡಿಯ ದಡಿಯನೂ ಬೆಚ್ಚಿ ತನ್ನ ತಲೆಯ ಮೇಲಿನ ಟವೆಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಾನೆ.

ಒಸಾಕಾದ ಪೂರ್ವಕ್ಕೆ, ಬೋಲ್ಟು ನಟ್ಟು ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ ಇದೆ ನಮ್ಮ ಬೀದಿ. ಹಿಸಾನೊ ಇಲ್ಲಿಗೆ ಸೊಸೆಯಾಗಿ ಬಂದವಳು. ಬಂದ ಮಾರನೆಯ ದಿನವೇ ಅತ್ತೆ ಕೈಗೆ ಉಜ್ಜುವ ಬ್ರಷ್ಷು ಕೊಟ್ಟಳಂತೆ, ಅದನ್ನು ಹಿಸಾನೊ ಇವತ್ತಿಗೂ ಕೆಳಗಿಟ್ಟಿಲ್ಲ. ಗಂಡ ಸೊಹೇ ಮಾತಾಡದ ಮನುಷ್ಯ. ಹಿಂದಿನ ಬಾಯ್ಲರ್ ಕೋಣೆಯಲ್ಲೇ ಅವನ ಸಂಸಾರ. ಜೀವಮಾನದಲ್ಲಿ ಅವನು ಹಟ ಮಾಡಿ ಮಾಡಿಸಿದ್ದು ಒಂದೇ ಒಂದು, ಕರೆಂಟಿನ ತೊಟ್ಟಿ. ಹೆಂಗಸರ ಕಡೆಯೂ ಗಂಡಸರ ಕಡೆಯೂ ಮೂಲೆಯಲ್ಲಿ ಒಬ್ಬರು ಹಿಡಿಸುವಷ್ಟು ಜಾಗ, ಎರಡೂ ಪಕ್ಕದ ಗೋಡೆಯಲ್ಲಿ ತಗಡು. ನಡುವೆ ಸೊಂಟ ಇಟ್ಟುಕೊಂಡು ಕೂತರೆ ಜುಮುಜುಮು ಎನ್ನುತ್ತದೆ. ಲೇತ್ ಮಷೀನಿನ ಮುಂದೆ ದಿನವಿಡೀ ನಿಂತು ಬಂದವರಿಗೆ ಅದೇ ಡಾಕ್ಟರು, ಅದೇ ದೇವರು. ಬೇರೆ ಊರಿನವರು ಕೇಳಿದರೆ ಹೆದರುತ್ತಾರೆ. ಸ್ನಾನದ ನೀರಿಗೆ ಕರೆಂಟು ಬಿಟ್ಟುಕೊಂಡು ಕಾಸು ಕೊಟ್ಟು ಕೂರುವವರು ನಾವು. ನಮಗೆ ಅದೊಂದು ವಿಷಯವೇ ಅಲ್ಲ, ಆಮೇಲೆ ಆಗಿದ್ದಕ್ಕೆಲ್ಲ ಅದೇ ಮೂಲವಾಯಿತು.

ಸೊಹೇ ತೀರಿಕೊಂಡ ಮೇಲೆ ಹಿಸಾನೊ ಒಬ್ಬಳೇ ನಡೆಸಿದಳು. ಆ ತೊಟ್ಟಿಯನ್ನು ಮಾತ್ರ ಬೇರೆ ಯಾರಿಗೂ ಉಜ್ಜಲು ಬಿಡುತ್ತಿರಲಿಲ್ಲ. ತಗಡಿನ ಹತ್ತಿರ ಮುಖ ತಂದು ಗಂಡನನ್ನೇ ಬೈಯುತ್ತಾ ಉಜ್ಜುತ್ತಿದ್ದಳು, ನಾನೇ ಕೇಳಿದ್ದೇನೆ.

ನಾನು ಎದುರುಗಡೆ ಉಪ್ಪಿನಕಾಯಿ ಅಂಗಡಿಯವಳು. ಮೂಲಂಗಿ, ಬದನೆ, ಎಲೆಕೋಸು. ಹಿಸಾನೊ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಉಪ್ಪಿನಕಾಯಿ" ಎಂದೇ ಕರೆಯುವುದು.

ಇನ್ನು ಯಾಸುಯೊ. ಅವಳನ್ನು ಬಿಟ್ಟರೆ ಹಿಸಾನೊ ಕತೆಯೇ ಇಲ್ಲ. ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು, ಹಿಂದಿನ ಓಣಿಯ ಸಾಲುಮನೆಯಲ್ಲಿ ಒಬ್ಬಳೇ ಇದ್ದಾಳೆ. ಆ ಮನೆಗಳಲ್ಲಿ ಬಚ್ಚಲಿಲ್ಲ. ಹಿಸಾನೊ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಅವಳ ಬೆನ್ನು ಉಜ್ಜಿ ಕೊಟ್ಟವಳು, ಅತ್ತರೆ ಮುಖಕ್ಕೆ ನೀರು ಎರಚಿದವಳು ಯಾಸುಯೊನೇ. ಹೋದ ವರ್ಷ ಅವಳ ಎದೆಗೆ ಪೇಸ್‌ಮೇಕರ್ ಇಟ್ಟರು. ಅಂಥವರು ಕರೆಂಟಿನ ತೊಟ್ಟಿಗೆ ಇಳಿಯಲೇಬಾರದು, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದೇ ಇದೆ. ಯಾಸುಯೊ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಗುಳ್ಳೆ ಏಳುವ ನಡುವಿನ ತೊಟ್ಟಿಯಲ್ಲಿ, ಸ್ಟೀಲಿನ ಕಂಬಿ ಹಿಡಿದುಕೊಂಡು ಕೂರುತ್ತಿದ್ದಳು.

ಚಳಿ ಶುರುವಾದ ಹೊಸದರಲ್ಲಿ ಒಂದು ಸಂಜೆ ಅವಳು ಅಂದಳು, "ಹಿಸಾನೊ, ಈ ಕಂಬಿ ಜುಮ್ ಅಂತಾ ಇದೆ."

ನಾವೆಲ್ಲ ನಕ್ಕೆವು. ಪಕ್ಕದಲ್ಲೇ ಕರೆಂಟಿನ ತೊಟ್ಟಿ ಇರುವಾಗ ಜುಮ್ ಅನ್ನದೆ ಇನ್ನೇನು? ಬೇರೆ ಊರಿನಲ್ಲಾಗಿದ್ದರೆ ಜನ ಕಿರುಚಿಕೊಂಡು ಬೀದಿಗೆ ಓಡುತ್ತಿದ್ದರು. ನಾವು "ಬಿಟ್ಟಿ ಚಿಕಿತ್ಸೆ ಬಿಡಮ್ಮಾ" ಎಂದು ತಮಾಷೆ ಮಾಡಿದೆವು. ಆದರೆ ಹಿಸಾನೊ ನಗಲಿಲ್ಲ. ಯಾಸುಯೊ ಎದೆಯಲ್ಲಿ ಏನಿದೆ ಎನ್ನುವುದು ಅವಳ ತಲೆಯಲ್ಲಿತ್ತು. ಮಾರನೆಯ ದಿನವೇ ಕರೆಂಟು ಪರೀಕ್ಷೆ ಮಾಡುವವರಿಗೆ ಫೋನ್ ಮಾಡಿದಳು.

ಬಂದವನ ಹೆಸರು ಒಕಿಮುರಾ. ನಲವತ್ತು ದಾಟಿದ, ಇಸ್ತ್ರಿ ಮಾಡಿದ ಸಮವಸ್ತ್ರದ ಗಂಡಸು. ಕೆಲಸ ಶುರು ಮಾಡುವ ಮೊದಲು ಎಲ್ಲದಕ್ಕೂ ಬೆರಳು ತೋರಿಸಿ ಜೋರಾಗಿ ಕೂಗುತ್ತಿದ್ದ. ರೈಲಿನವರು, ಕಾರ್ಖಾನೆಯವರು, ಎಲ್ಲರೂ ಹಾಗೆಯೇ. ಕಣ್ಣು ಮರೆತದ್ದನ್ನು ಬೆರಳು ಹಿಡಿಯಲಿ, ಬಾಯಿ ಹೇಳಲಿ, ಕಿವಿ ಕೇಳಲಿ ಎಂದು. "ಕೈಗವಸು, ಯೋಶಿ! ಬೂಟು, ಯೋಶಿ!" ಸರಿಯಾಗಿದೆ, ಸರಿಯಾಗಿದೆ. ಬಟ್ಟೆ ಬಿಚ್ಚುವ ಕೋಣೆಯಲ್ಲಿದ್ದ ನಾವು ಹೆಂಗಸರು "ಹೊಟ್ಟೆ, ಯೋಶಿ! ಬೊಕ್ಕತಲೆ, ಯೋಶಿ!" ಎಂದು ಪಿಸುಗುಟ್ಟಿ ಒಬ್ಬರನ್ನೊಬ್ಬರು ತಿವಿದುಕೊಂಡೆವು.

ಬಾಯ್ಲರ್ ಕೋಣೆಯಲ್ಲಿ ಗುಳ್ಳೆಯ ಪಂಪಿಗೆ ಹೋಗುವ ತಂತಿಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಏಡಿಯ ಕೊಂಡಿಯ ಹಾಗೆ ಬಾಯಿ ತೆರೆಯುವ ಒಂದು ಮೀಟರನ್ನು ಅದರ ಸುತ್ತ ಕಚ್ಚಿಸಿದ. ಕ್ಲ್ಯಾಂಪ್ ಮೀಟರ್. ಹೋದ ಕರೆಂಟು ಅಷ್ಟೂ ವಾಪಸು ಬಂದರೆ ಒಂದನ್ನೊಂದು ಹೊಡೆದುಹಾಕಿ ಏನೂ ತೋರಿಸುವುದಿಲ್ಲ, ದಾರಿಯಲ್ಲಿ ಎಲ್ಲಾದರೂ ಸೋರಿದರೆ ಆ ಸೋರಿದ್ದು ಮಾತ್ರ ಅಂಕಿಯಾಗಿ ಕಾಣುತ್ತದೆ ಎಂದು ವಿವರಿಸಿದ. ಅಷ್ಟು ಚೆನ್ನಾಗಿ ವಿವರಿಸಿದ್ದ, ಅದಕ್ಕೇ ನಂಬಿದೆವು.

"ಬಾಯಿ ಮುಚ್ಚಿದೆ, ಯೋಶಿ! ಸೊನ್ನೆ, ಯೋಶಿ!"

"ಹಾಗಾದ್ರೆ ಯಾಸುಯೊ ಅಕ್ಕನ ಕೈಗೆ ಜುಮ್ ಅಂದಿದ್ದು?" ಎಂದು ಹಿಸಾನೊ ಕೇಳಿದಳು.

"ಅಮ್ಮಾ, ಮೀಟರ್ ಸುಳ್ಳು ಹೇಳಲ್ಲ. ಆ ಕರೆಂಟಿನ ತೊಟ್ಟಿದೇ ಇರ್ಬೇಕು. ಬೇಕಾದ್ರೆ ಅದನ್ನ ನಿಲ್ಸಿಬಿಡಿ."

ನಿಲ್ಲಿಸಿಬಿಡಿ. ಎಷ್ಟು ಸುಲಭವಾಗಿ ಹೇಳಿದ! ಅವತ್ತು ಸಂಜೆ ಹಿಸಾನೊ ಎರಡೂ ಕಡೆ ಆ ತೊಟ್ಟಿಯ ನೀರು ಖಾಲಿ ಮಾಡಿ, ತಂತಿ ಬಿಚ್ಚಿಸಿ, ಮೇಲೆ ಹಲಗೆ ಮುಚ್ಚಿದಳು. ಲೇತ್ ಕೆಲಸದವರು ಗೊಣಗಿದರು. ಕೆಲವರು ಎರಡು ಬೀದಿ ಆಚೆಯ ಸ್ನಾನದ ಮನೆಗೆ ಹೋಗತೊಡಗಿದರು. ಗಂಡನ ಒಂದೇ ಹಟವನ್ನು ಅವಳು ಹಲಗೆಯಡಿ ಹೂತದ್ದು ಯಾಸುಯೊಗೋಸ್ಕರ.

ಆಮೇಲೆ ಎಲ್ಲರೂ "ಈಗ ಜುಮ್ ಅನ್ನಲ್ಲ ನೋಡಿ" ಎಂದರು. ಮೊದಲು ಯಾವತ್ತೂ ಕಂಬಿ ಮುಟ್ಟದವರೂ ಹೇಳಿದರು. ಆ ಮೀಟರಿನ ಪೆಟ್ಟಿಗೆ ಸೊನ್ನೆ ಎಂದಿದೆಯಲ್ಲ, ನಮ್ಮ ಚರ್ಮವೂ ಸೊನ್ನೆ ಎಂದಿತು. ಯಾಸುಯೊ ಒಬ್ಬಳು ಹೇಳಲಿಲ್ಲ. ಸ್ವಲ್ಪ ದಿನ ಸುಮ್ಮನಿದ್ದು, ಒಂದು ಸಂಜೆ ಕಂಬಿಯಿಂದ ಕೈ ತೆಗೆದು ಮೆಲ್ಲಗೆ, "ಹಿಸಾನೊ, ಇನ್ನೂ ಇದೆ ಕಣೇ," ಎಂದಳು.

ಹಿಸಾನೊ ಪೀಠದಿಂದ ಇಳಿದು ಒಳಗೆ ಬಂದಳು. ಅವಳ ಮುಖ ನೋಡಿಯೇ ನಾನು ಕುತ್ತಿಗೆವರೆಗೆ ನೀರಿಗಿಳಿದೆ.

"ಇನ್ನೂ ಇದ್ಯಾ? ನಿನಗೋಸ್ಕರ ಸೊಹೇ ತೊಟ್ಟಿ ಮುಚ್ಚಿದೆ. ಪೆಟ್ಟಿಗೆ ಸೊನ್ನೆ ಅಂತು. ಇನ್ನೇನು ಮುಚ್ಚಬೇಕು ಹೇಳು, ಬಾಗ್ಲು ಮುಚ್ಲಾ? ಜುಮ್ ಅಂತಿರೋದು ಕಂಬೀಲೋ ನಿನ್ ತಲೇಲೋ?"

ಗೋಡೆಯ ಆಚೆ ಗಂಡಸರ ಮಾತು ನಿಂತುಹೋಯಿತು. ಯಾಸುಯೊ ಎದ್ದು, ಮೈ ಒರೆಸಿಕೊಂಡು, ಬಟ್ಟೆ ಹಾಕಿಕೊಂಡಳು. ನಮ್ಮಲ್ಲಿ ದಿನವೂ ಬರುವವರು ತಮ್ಮ ಬೋಗುಣಿ, ಸೋಪು, ಉಜ್ಜುವ ಬಟ್ಟೆಯನ್ನು ಅಲ್ಲೇ ಗೋಡೆಯ ಗೂಡಿನಲ್ಲಿ ಇಟ್ಟು ಹೋಗುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಗೂಡು. ಯಾಸುಯೊ ತನ್ನ ಗೂಡಿನಿಂದ ಹಳದಿ ಬೋಗುಣಿ ಎತ್ತಿಕೊಂಡಳು. ಸೋಪಿನ ಡಬ್ಬಿಯನ್ನು ಅದರೊಳಗಿಟ್ಟು, ಗೂಡನ್ನು ಕೈಯಿಂದ ಒರೆಸಿ ಹೊರಟುಹೋದಳು. ಬೋಗುಣಿ ಮನೆಗೆ ಹೋಯಿತೆಂದರೆ ಮುಗಿಯಿತು, ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ.

ನನಗೆ ಹಿಸಾನೊ ಮೇಲೆ ಉರಿದುಹೋಯಿತು. ಆ ಚಳಿಯಲ್ಲಿ ಯಾಸುಯೊ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಕೆಟಲ್‌ನಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುತ್ತಿದ್ದಳು. ಉಪ್ಪಿನಕಾಯಿ ಕೊಡಲು ಹೋದಾಗ ಕಿಟಕಿಯ ಗಾಜೆಲ್ಲ ಹಬೆ ಹಿಡಿದಿರುವುದನ್ನು ನೋಡಿದೆ. ಎದೆಯ ರೋಗಿಗೆ ತಣ್ಣನೆ ಅಡುಗೆಮನೆಯಲ್ಲಿ ಬರಿಮೈಯಲ್ಲಿ ನಿಲ್ಲುವ ಗತಿ! ವಾಪಸು ಬಂದು ಹಿಸಾನೊ ಮುಖದ ಮೇಲೇ ಹೇಳಿದೆ. "ನಾನೇನು ಕಳ್ಸಿದ್ನಾ? ಕಾಲಿದೆ, ಬರ್ಲಿ," ಎಂದಳು. ಆದರೆ ಆ ಗೂಡನ್ನು ಬೇರೆ ಯಾರಿಗೂ ಕೊಡಲಿಲ್ಲ. ಹೊಸಬಳೊಬ್ಬಳು ಅಲ್ಲಿ ಶಾಂಪೂ ಇಡಲು ಹೋಗಿ ಬೈಸಿಕೊಂಡಳು.

ಹೊಸ ವರ್ಷದ ರಜೆ ಮುಗಿದ ಮೇಲಿನ ಒಂದು ಬೆಳಿಗ್ಗೆ ಹಿಸಾನೊ ನಡುವಿನ ತೊಟ್ಟಿ ಉಜ್ಜುತ್ತಿದ್ದಳು. ಪಂಪು ಓಡುತ್ತಿತ್ತು. ಒಡೆದ ಟೈಲಿನ ಅಂಚು ತಗುಲಿ ಬೆರಳು ಕುಯ್ದುಹೋಯಿತು. ಜಾರಿ ಬೀಳುವ ಹಾಗಾಗಿ ಅದೇ ಕೈಯಿಂದ ಕಂಬಿ ಹಿಡಿದಳು. ಗಾಯದ ಬಾಯಿಗೆ ಸೂಜಿ ಚುಚ್ಚಿದಂತಾಯಿತು. ಕೈ ತೆಗೆದಳು. ಮತ್ತೆ ಮುಟ್ಟಿದಳು. ಕರೆಂಟಿನ ತೊಟ್ಟಿಯ ಕಡೆ ತಿರುಗಿ ನೋಡಿದರೆ ಹಲಗೆ ಮುಚ್ಚಿದ ಹಾಗೆಯೇ ಇತ್ತು, ತಂತಿ ಬಿಚ್ಚಿದ ಹಾಗೆಯೇ ಬಿದ್ದಿತ್ತು.

ರಬ್ಬರ್ ಬೂಟಿನಲ್ಲೇ ಬೀದಿ ದಾಟಿ ನನ್ನ ಅಂಗಡಿಗೆ ಬಂದಳು. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಏ ಉಪ್ಪಿನಕಾಯಿ, ಬಾ ಇಲ್ಲಿ."

ಎಳೆದುಕೊಂಡು ಹೋಗಿ ನನ್ನ ಅಂಗೈಯನ್ನು ಕಂಬಿಗೆ ಒತ್ತಿದಳು. ನನಗೇನೂ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಉಪ್ಪಿನಲ್ಲಿ ಮುಳುಗಿ ಗಡುಸಾದ ಕೈ ನನ್ನದು.

"ಏನೂ ಇಲ್ವಲ್ಲೇ," ಎಂದೆ.

"ನಿನ್ ಕೈನೂ ಆ ಪೆಟ್ಟಿಗೆ ಥರಾನೇ," ಎಂದು ಉಗಿದು, ನನ್ನ ತೋಳು ತಿರುಗಿಸಿ ಮಣಿಕಟ್ಟಿನ ಒಳಭಾಗದ ಮೆತ್ತನೆ ಚರ್ಮವನ್ನು ಒದ್ದೆ ಮಾಡಿ ಕಂಬಿಗೆ ತಾಗಿಸಿದಳು. ಆಗ ತಿಳಿಯಿತು. ಸಣ್ಣಗೆ, ಬಿಡದೆ, ಚರ್ಮದ ಕೆಳಗೆ ಇರುವೆ ಹರಿದಂತೆ. ಯಾಸುಯೊ ಬೆರಳುಗಳು ನೆನಪಾದವು, ಹೊಲಿಗೆಯಲ್ಲಿ ದಾರದ ಒಂದು ಗಂಟನ್ನೂ ಬಿಡದೆ ಹಿಡಿಯುತ್ತಿದ್ದ ಆ ತೆಳು ಬೆರಳುಗಳು. ಅವಳು ಅಷ್ಟು ದಿನ ಇದನ್ನು ಹಿಡಿದುಕೊಂಡು ಕೂತಿದ್ದಳು. ಎದೆಯಲ್ಲಿ ಆ ಯಂತ್ರ ಇಟ್ಟುಕೊಂಡು.

ಹಿಸಾನೊ ಪಂಪು ನಿಲ್ಲಿಸಿದಳು, ಬಾಗಿಲಿಗೆ "ಇವತ್ತು ಇಲ್ಲ" ಎಂದು ಬರೆದು ತಗುಲಿಹಾಕಿದಳು. ಒಕಿಮುರಾಗೆ ಫೋನಿನಲ್ಲಿ ಏನು ಹೇಳಿದಳೋ, ಅವನು ಊಟದ ಹೊತ್ತಿಗೆ ಮುಂಚೆ ಬಂದ. ಪಂಪು ಹಾಕಿಸಿ, ಅದೇ ಮೀಟರನ್ನು ಅದೇ ತಂತಿಗಳಿಗೆ ಕಚ್ಚಿಸಿ, ಅದೇ ಬೆರಳು ತೋರಿಸಿದ.

"ಸೊನ್ನೆ, ಯೋ..."

"ಬಾಯ್ಮುಚ್ಚು," ಎಂದಳು ಹಿಸಾನೊ. ಅವನ ಕೈಗವಸು ಕಿತ್ತು, ಒಳಗೆ ಎಳೆದುಕೊಂಡು ಹೋಗಿ, ಅವನ ಮಣಿಕಟ್ಟನ್ನು ನೀರಿಗದ್ದಿ ಕಂಬಿಯ ಮೇಲಿಟ್ಟಳು. ಅವನು ಬೆಚ್ಚಿ ಕೈ ಹಿಂದೆಗೆದ.

"ಸೊನ್ನೆನಾ?"

"ಅಮ್ಮಾ, ಅದು... ಈ ಮೀಟರ್ ದೊಡ್ಡ ಕರೆಂಟಿಗೆ. ನಾನೂರು ಆಂಪಿಯರ್ ತನಕ ಅಳೆಯುತ್ತೆ. ಇದು ಆಂಪಿಯರಿನ ನೂರನೇ ಒಂದು ಪಾಲು ಇದ್ದೀತು. ಅಷ್ಟು ಚಿಕ್ಕದು ಇದಕ್ಕೆ ಕಾಣಲ್ಲ."

"ಕಾಣ್ದೆ ಇದ್ರೆ ಕಾಣಲ್ಲ ಅನ್ಬೇಕು ತಾನೆ? ಸೊನ್ನೆ ಅಂತ ಯಾಕೆ ಹೇಳ್ತು?"

ಒಕಿಮುರಾ ಮೀಟರನ್ನೇ ನೋಡುತ್ತಾ ನಿಂತ. "ತೀರಾ ಕೆಳಗೆ ಬಂದ್ರೆ ಕೊನೇ ಅಂಕಿ ಸುಮ್‌ಸುಮ್ನೆ ಕುಣಿಯುತ್ತೆ. ನೋಡೋರಿಗೆ ಗೊಂದಲ ಆಗ್ಬಾರ್ದು ಅಂತ, ಅಷ್ಟು ಕಮ್ಮಿ ಇದ್ರೆ ಸೊನ್ನೆ ತೋರ್ಸೋ ಹಾಗೆ ಮಾಡಿರ್ತಾರೆ."

"ಗೊತ್ತಿಲ್ಲ ಅನ್ನೋದನ್ನ ಸೊನ್ನೆ ಅಂತ ಹೇಳುತ್ತೆ."

"ಹೂಂ."

"ನೀನು ಅದಕ್ಕೆ ಬೆರಳು ತೋರ್ಸಿ ಯೋಶಿ ಅಂದೆ."

ಅವನು ತಲೆ ತಗ್ಗಿಸಿದ. ಸೋರಿಕೆಗೆಂದೇ ಮಾಡಿದ ಸೂಕ್ಷ್ಮದ ಮೀಟರು ಬೇರೆ ಇದೆಯಂತೆ. ಇದ್ದದ್ದು ಒಂದು, ಆವತ್ತು ಬೇರೆಯವನು ತೆಗೆದುಕೊಂಡು ಹೋಗಿದ್ದನಂತೆ. ಕೈಗೆ ಸಿಕ್ಕಿದ್ದನ್ನು ಇವನು ಹಿಡಿದುಕೊಂಡು ಬಂದನಂತೆ! ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಮೀನು ತೂಗುವುದಕ್ಕೆ ಚಿನ್ನದ ತಕ್ಕಡಿ ಬೇಡ, ಒಪ್ಪುತ್ತೇನೆ. ಆದರೆ ಚಿನ್ನವನ್ನು ಮೀನಿನ ತಕ್ಕಡಿಗೆ ಹಾಕಿ, ಮುಳ್ಳು ಅಲ್ಲಾಡದಿದ್ದರೆ ಚಿನ್ನವೇ ಇಲ್ಲ ಅನ್ನುವವನಿಗೆ ಏನು ಹೇಳುವುದು?

"ಇದೇ ಕಂಬಿ ಹಿಡ್ಕೊಂಡು ಒಬ್ಳು ಕೂರ್ತಿದ್ಲು," ಎಂದಳು ಹಿಸಾನೊ. "ಎದೇಲಿ ಪೇಸ್‌ಮೇಕರ್ ಇದೆ ಅವಳಿಗೆ."

ಒಕಿಮುರಾ ಮುಖದ ಬಣ್ಣ ಇಳಿದುಹೋಯಿತು. ಓಡಿಹೋಗಿ, ಮಧ್ಯಾಹ್ನವೇ ಇನ್ನೊಂದು ಮೀಟರು ತಂದ. ನೋಡಲು ಅದೇ ಜಾತಿ, ಅದೇ ಏಡಿಯ ಬಾಯಿ. ಈ ಸಲ ಬಾಯಿಯ ಅಂಚನ್ನು ಬಟ್ಟೆಯಿಂದ ಒರೆಸಿದ, ಧೂಳು ಕೂತು ಸರಿಯಾಗಿ ಮುಚ್ಚದಿದ್ದರೂ ಅಂಕಿ ಕೆಡುತ್ತದಂತೆ. ಮೋಟಾರಿನ ಹತ್ತಿರ ಹಿಡಿದಾಗ ಅಂಕಿ ಏರುಪೇರಾಯಿತೆಂದು ದೂರ ಸರಿದು, ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿದ. ಅಂಕಿ ಅಲ್ಲಾಡದೆ ನಿಂತಿತು. ಹನ್ನೊಂದು ಮಿಲಿ ಆಂಪಿಯರ್. ಒಂದರೊಳಗೆ ಇರಬೇಕಾದದ್ದು. ಹೆಚ್ಚು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಯಾಕೆ ಬೀಳಲಿಲ್ಲ ಎಂದು ನಾನು ಕೇಳಿದೆ. ಅದು ಬೀಳುವಷ್ಟಕ್ಕೆ ಇನ್ನೂ ಹೆಚ್ಚು ಬೇಕು ಎಂದ.

ಈ ಸಲ ಬೆರಳು ತೋರಿಸಲಿಲ್ಲ.

"ಯಾಕೆ, ಯೋಶಿ ಇಲ್ವಾ ಇವತ್ತು?" ಎಂದಳು ಹಿಸಾನೊ.

ಪಂಪಿನ ಕೆಳಗೆ ತಂತಿಯೊಂದು ಕಬ್ಬಿಣದ ಕಾಲಿನಡಿ ಸಿಕ್ಕಿ ಸಿಪ್ಪೆ ಸುಲಿದಿತ್ತು, ಒದ್ದೆ ನೆಲಕ್ಕೆ ತಾಗಿಕೊಂಡು ಕಂಬಿಯ ತನಕ ಕರೆಂಟು ಬಿಡುತ್ತಿತ್ತು. ಕೆಲಸದವರು ಬಂದು ಹೊಸ ತಂತಿ ಎಳೆದರು, ಕಂಬಿಗೂ ಅರ್ತಿಂಗ್ ತಂತಿ ಕೊಟ್ಟರು. ಹಿಸಾನೊ ಎಲ್ಲ ಮುಗಿಯುವ ತನಕ ಸೊಂಟಕ್ಕೆ ಕೈ ಕೊಟ್ಟು ಅಲ್ಲೇ ನಿಂತಿದ್ದಳು. ಅವರು ಹೋದ ಮೇಲೆ ಪೀಠಕ್ಕೆ ಹತ್ತಲಿಲ್ಲ. ಫ್ರಿಜ್ಜಿನಿಂದ, ಸ್ನಾನ ಮುಗಿಸಿದವರು ಕುಡಿಯುವ ಕಾಫಿ ಹಾಲಿನ ಒಂದು ಬಾಟಲಿ ತೆಗೆದು ನೇರ ಹಿಂದಿನ ಓಣಿಗೆ ನಡೆದಳು. ನಾನೂ ಹಿಂದೆಯೇ ಹೋದೆ, ಯಾರೂ ಕರೆಯದಿದ್ದರೂ.

ಅವಳಿಗೆ ಕ್ಷಮೆ ಕೇಳಿ ಅಭ್ಯಾಸವೇ ಇಲ್ಲ. ಯಾಸುಯೊ ಬಾಗಿಲು ಒಂದು ಗೇಣು ತೆರೆದದ್ದೇ ತಡ, ಬೈಯುವ ಗಂಟಲಿನಲ್ಲೇ ಶುರು ಮಾಡಿದಳು.

"ಕರೆಂಟು ಸೋರ್ತಾ ಇತ್ತು! ನೀನು ಹೇಳಿದ್ದೇ ನಿಜ! ನಾನು ಆ ಪೆಟ್ಟಿಗೆ ಮಾತು ಕೇಳಿದೆ, ನಿನ್ ಮಾತು ಕೇಳ್ಲಿಲ್ಲ! ತಪ್ಪಾಯ್ತು!"

"ಮೆಲ್ಲಗೆ," ಎಂದಳು ಯಾಸುಯೊ. "ಅಕ್ಕಪಕ್ಕದೋರಿಗೆ ಕೇಳುತ್ತೆ."

"ಕೇಳ್ಲಿ! ಅವತ್ತು ಗಂಡಸ್ರಿಗೂ ಕೇಳೋ ಹಾಗೆ ಕೂಗಿರ್ಲಿಲ್ವಾ? ಇದೂ ಕೇಳ್ಲಿ!"

ಯಾಸುಯೊ ಬಾಟಲಿ ತೆಗೆದುಕೊಂಡಳು, ಬಾಗಿಲು ಹಾಕಿಕೊಂಡಳು. ಅಷ್ಟೇ.

ಕರೆಂಟಿನ ತೊಟ್ಟಿಗೆ ಮತ್ತೆ ನೀರು ಬಂತು. ಲೇತ್‌ನವರು ಬಂದರು. ಆ ಗೂಡು ಮಾತ್ರ ಖಾಲಿ ಇತ್ತು. ಚಳಿ ಮುಗಿಯುತ್ತಾ ಪ್ಲಮ್ ಹೂ ಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ, ಆಗ ತಾನೇ ಬಾಗಿಲು ತೆರೆದಿದ್ದರು, ಯಾಸುಯೊ ಹಳದಿ ಬೋಗುಣಿ ಹಿಡಿದುಕೊಂಡು ಒಳಗೆ ಬಂದಳು. ಕಾಸು ಇಟ್ಟು, ಬಟ್ಟೆ ಬಿಚ್ಚಿ, ಮೈ ತೊಳೆದುಕೊಂಡು, ನಡುವಿನ ತೊಟ್ಟಿಗೆ ಇಳಿದಳು. ನಾವು ಮೂರು ನಾಲ್ಕು ಹೆಂಗಸರಿದ್ದೆವು. ಹಿಸಾನೊ ಪೀಠ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದಳು.

ಯಾಸುಯೊ ಕಂಬಿ ಹಿಡಿದಳು. ಬೆರಳಿನ ತುದಿ, ಅಂಗೈ, ಮಣಿಕಟ್ಟು. ಆಮೇಲೆ ನೀರಿನಿಂದ ತೋಳು ಮೇಲೆತ್ತಿ ಕಂಬಿಗೆ ಬೆರಳು ತೋರಿಸಿದಳು.

"ಕಂಬಿ, ಯೋಶಿ!"

ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಗೋಡೆಯ ಆಚೆ ಯಾರೋ ನಕ್ಕರು.

"ನೀರು, ಯೋಶಿ!"

ಆಮೇಲೆ ಬೆರಳು ತಿರುಗಿ ಬಾಗಿಲಲ್ಲಿದ್ದ ಹಿಸಾನೊ ಕಡೆ ಬಂತು. ಅಲ್ಲೇ ನಿಂತಿತು. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಸಾನೊ ಕಾದಳು, ನಾವೂ ಕಾದೆವು.

"ಏನು, ಸೊನ್ನೆನಾ?" ಕೊನೆಗೆ ಹಿಸಾನೊನೇ ಕೇಳಿದಳು.

"ಗೊತ್ತಾಗ್ತಿಲ್ಲ," ಎಂದಳು ಯಾಸುಯೊ. "ಗೊತ್ತಾದ್ಮೇಲೆ ಹೇಳ್ತೀನಿ."

ಮೈ ಬಿಸಿಯಾಗುವಷ್ಟು ಹೊತ್ತು ಕೂತಿದ್ದು ಎದ್ದಳು. ಬಟ್ಟೆ ಹಾಕಿಕೊಂಡು, ಖಾಲಿ ಗೂಡಿನ ಮುಂದೆ ಒಂದು ಗಳಿಗೆ ನಿಂತು, ಬೋಗುಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋದಳು. ಮಾರನೆಯ ದಿನ ಮತ್ತೆ ಬಂದಳು, ಬೋಗುಣಿ ಹಿಡಿದುಕೊಂಡೇ. ಈಗಲೂ ದಿನಾ ಹಾಗೆಯೇ ತರುತ್ತಾಳೆ, ಹಾಗೆಯೇ ಒಯ್ಯುತ್ತಾಳೆ. ಹಿಸಾನೊ ಆ ಗೂಡನ್ನು ದಿನಾ ಒರೆಸಿ ಇಡುತ್ತಾಳೆ.